ತಾಂಡೇಲರನ್ನು ದಡದಲ್ಲಿ ಕೂರಿಸಿದ್ದು

ಕುದ್ರೋಳಿ, ಮಂಗಳೂರು
೧೩ ಮೇ ೨೦೨೫, ಮಂಗಳವಾರ

ಪ್ರೀತಿಯ ವಿಜೇತಾ,

ಮೊದಲು ಬೈಗುಳ ತಿನ್ನು, ಕ್ಷೇಮ ಸಮಾಚಾರ ಆಮೇಲೆ ಕೇಳುತ್ತೇನೆ. ನಾವು ನೀರಿನ ಪಾರ್ಕಿಗೆ ಹೋಗಿ ಬಂದ ಸಂಜೆ ಫೋನಿನಲ್ಲಿ ನಿನ್ನ ಅಜ್ಜನಿಗೆ ಎಂತ ಹೇಳಿದೆ, ನೆನಪುಂಟಾ? "ಕಡಲಲ್ಲಿ ಹುಲಿ, ಕೊಳದಲ್ಲಿ ಇಲಿ" ಎಂದು ನಕ್ಕೆ. ನಿನ್ನ ಹಿಂದೆ ನಿಂತ ಹುಡುಗಿಯರೂ ನಕ್ಕದ್ದು ನನಗೆ ಕೇಳಿತು. ಒಂದು ಬದಿ ಸೋತು ಕುರ್ಚಿಯಲ್ಲಿ ಕೂತ ಮನುಷ್ಯನನ್ನು ಹಾಗೆ ತಮಾಷೆ ಮಾಡುವುದಾ? ಕೈಕಾಲು ಬಾರದವರಿಗೆ ವ್ಯಾಯಾಮ ಮಾಡಿಸುವ ಕೆಲಸ ನಿನ್ನದು. ನಿನ್ನ ಬಾಯಿಗೆ ಮಾತ್ರ ವ್ಯಾಯಾಮ ಸ್ವಲ್ಪ ಹೆಚ್ಚಾಗಿದೆ, ಅದಕ್ಕೆ ರಜೆ ಕೊಡು.

ಈಗ ಹೇಳು, ಹೇಗಿದ್ದೀ? ಫೋನಿನಲ್ಲಿ ನೋಡಿದರೆ ನಿನ್ನ ಕಣ್ಣು ಐಸಿನಲ್ಲಿ ನಾಲ್ಕು ದಿನ ಕೂತ ಬಂಗುಡೆಯ ಕಣ್ಣಿನ ಹಾಗೆ ಮಸುಕಾಗಿದೆ. ಅಷ್ಟು ವರ್ಷ ಬುಟ್ಟಿ ಹೊತ್ತು ಮೀನು ಮಾರಿದವಳಿಗೆ ಕಣ್ಣು ನೋಡಿದರೆ ಸಾಕು, ನನ್ನ ಹತ್ತಿರ ಚೆನ್ನಾಗಿದ್ದೇನೆ ಎಂದು ಹೇಳಿ ಪ್ರಯೋಜನ ಇಲ್ಲ. ರಾತ್ರಿ ಬ್ರೆಡ್ಡು ತಿಂದು ಮಲಗುತ್ತೀಯಂತೆ, ನಮ್ಮ ಹಿಂಬದಿ ಮನೆಯ ನೆಲ್ಲಿ ಹೇಳಿದಳು. ಅವಳು ರಜೆ ಮುಗಿಸಿ ನಾಡಿದ್ದು ಮಸ್ಕತ್ತಿಗೆ ಹೊರಡುತ್ತಾಳೆ. ಅವಳ ಕೈಯಲ್ಲಿ ಮಾವಿನ ಮಿಡಿ ಉಪ್ಪಿನಕಾಯಿ, ಒಣ ಸಿಗಡಿಯ ಚಟ್ನಿ, ಮತ್ತೆ ಈ ಕಾಗದ. ಚಟ್ನಿಯನ್ನು ಎಲ್ಲರಿಗೂ ಹಂಚಿ ಒಳ್ಳೆಯವಳಾಗಬೇಡ. ಫೋನು ಇರುವಾಗ ಕಾಗದ ಯಾಕೆ ಎಂದು ಕೇಳುತ್ತೀ. ಫೋನಿನಲ್ಲಿ ನನಗೆ ಸುಳ್ಳು ಬೇಗ ಬರುತ್ತದೆ ಮಗಾ. ನಾಲ್ಕನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟವಳು ನಾನು, ಒಂದೊಂದು ಒತ್ತಕ್ಷರ ಬರೆಯಲಿಕ್ಕೂ ಬೆವರು ಹರಿಸಬೇಕು. ಅಷ್ಟು ಕಷ್ಟಪಟ್ಟು ಯಾರೂ ಸುಳ್ಳು ಬರೆಯುವುದಿಲ್ಲ.

ನಿನಗೆ ಬೈದದ್ದೂ ಒಂದು ರೀತಿಯಲ್ಲಿ ಸುಳ್ಳೇ. ಅಜ್ಜ ನೀರಿಗೆ ಹೆದರಿ ಬೇಡವೆಂದರು ಎಂದು ನಿನಗೆ ಹೇಳಿದವಳು ನಾನು. ಅವರು ಹೆದರಲಿಲ್ಲ. ಬೇಡ ಅನ್ನಲೂ ಇಲ್ಲ. ಬೇಡ ಎಂದದ್ದು ನಾನು. ನಿನ್ನ ಅಪ್ಪನಿಗೂ ಅಮ್ಮನಿಗೂ ಇದು ಗೊತ್ತಿಲ್ಲ, ನಿನಗೇ ಮೊದಲು ಹೇಳುವುದು.

ಆ ಮೇ ಒಂದರಂದು ನಿನ್ನ ಅಪ್ಪ ಕಮಲೇಶನ ಐಸ್ ಪ್ಲಾಂಟಿಗೆ ರಜೆ ಇತ್ತಲ್ಲ. ನೀನು ಮಸ್ಕತ್ತಿನಿಂದಲೇ ಪಾರ್ಕಿನವರಿಗೆ ಫೋನು ಮಾಡಿ, ನೀರಿಗಿಳಿಸುವ ಪ್ಲಾಸ್ಟಿಕ್ ಕುರ್ಚಿ ಉಂಟಾ, ಕೊಳದ ಅಂಚು ಇಳಿಜಾರು ಉಂಟಾ ಎಂದೆಲ್ಲ ವಿಚಾರಿಸಿ ಟಿಕೆಟು ಮಾಡಿಸಿದ್ದೆ. ನೀರಿನಲ್ಲಿ ಮೈ ಹಗುರ ಆಗ್ತದೆ ಅಜ್ಜಿ, ಸತ್ತ ಕಾಲೂ ಎದ್ದು ಬರ್ತದೆ ಎಂದು ನೀನು ಅವರೆದುರೇ ಹೇಳಿದ್ದೆ. ಅಂದಿನಿಂದ ಅವರಿಗೆ ಅದೇ ಧ್ಯಾನ. ಹೊರಡುವ ದಿನ ಬೆಳಿಗ್ಗೆ ಗಂಜಿ ಬಡಿಸಿದರೆ ಬಟ್ಟಲು ದೂಡಿ ಗಲ್ಲ ತೋರಿಸಿದರು. ಮೊದಲು ಕ್ಷೌರ ಆಗಬೇಕಂತೆ. ಮದುವೆಗೆ ಹೋಗುವಾಗ ಇಷ್ಟು ಅವಸರ ಇರಲಿಲ್ಲ ನಿಮಗೆ ಎಂದು ನಾನೂ ಕುಟುಕಿದೆ. ನೀನು ಕಳಿಸಿದ ಕೆಂಪು ಟೀಶರ್ಟು ಹಾಕಿಸಿಕೊಂಡು, ಓಮ್ನಿಯ ಎದುರಿನ ಸೀಟಿನಲ್ಲಿ ಕೂತು, ದಾರಿಯುದ್ದಕ್ಕೂ ಒಳ್ಳೆಯ ಕೈಯಿಂದ ಬಾಗಿಲು ಬಡಿಯುತ್ತಿದ್ದರು, ಬೋಟು ನಿಧಾನ ಆದರೆ ಬಡಿಯುತ್ತಿದ್ದ ಹಾಗೆ.

ಪಾರ್ಕಿನ ವಿಷಯ ಎಂತ ಹೇಳುವುದು. ಜಾರಿ ಬೀಳುವುದಕ್ಕೆ ಜನ ದುಡ್ಡು ಕೊಟ್ಟು ಸಾಲು ನಿಲ್ಲುತ್ತಾರೆ. ನಮ್ಮ ಕಾಲದಲ್ಲಿ ಬೋಟು ನಿಲ್ಲುವ ದಕ್ಕೆಯ ಮೇಲೆ ಮೀನಿನ ನೀರಿಗೆ ಕಾಲು ಜಾರಿ ಬಿದ್ದರೆ ವಾರ ಮುಖ ಎತ್ತಲಿಕ್ಕಾಗುತ್ತಿರಲಿಲ್ಲ. ಸೀರೆ ಉಟ್ಟವರು ನೀರಿಗಿಳಿಯುವ ಹಾಗಿಲ್ಲ, ಬಾಡಿಗೆಯ ನೈಲಾನ್ ಬಟ್ಟೆ ಹಾಕಬೇಕು. ನಿನ್ನ ಅಮ್ಮ ಹಾಕಿಕೊಂಡು ಬಂದಾಗ ಕಾಲ್ಚೆಂಡು ಆಡುವವಳ ಹಾಗೆ ಕಾಣುತ್ತಿದ್ದಳು. ನಾನು ಹೇಳಲಿಲ್ಲ, ನೀನೂ ಹೇಳಬೇಡ. ಅವಳು ನಮಗಿಂತ ಮೊದಲೇ ನೀರಿಗೆ ಬಿದ್ದಾಯಿತು. ನಾನು ಸೀರೆ ಬಿಡುವುದಿಲ್ಲ ಎಂದು ಅಜ್ಜನ ವೀಲ್‌ಚೇರಿನ ಪಕ್ಕ ನಿಂತೆ.

ಅಲ್ಲಿ ಅಲೆ ಏಳುವ ಕೊಳ ಒಂದುಂಟು. ಒಂದು ಬದಿ ಕಡಲ ದಡದ ಹಾಗೆಯೇ ಇಳಿಜಾರು. ಸೈರನ್ ಕೂಗುತ್ತದೆ, ಆಮೇಲೆ ಆಚೆ ಗೋಡೆಯ ಕಡೆಯಿಂದ ಅಲೆ ಹೊರಡುತ್ತದೆ. ಮೊದಲ ಅಲೆ ಬಂದಾಗ ಅಜ್ಜನ ಮುಖ ನೀನು ನೋಡಬೇಕಿತ್ತು. ಜೀವ ಇರುವ ಅರ್ಧ ಮುಖ ನಗುತ್ತಿತ್ತು, ಉಳಿದರ್ಧ ಅದನ್ನು ಹಿಂಬಾಲಿಸಲು ನೋಡುತ್ತಿತ್ತು. ಆಸ್ಪತ್ರೆಯಿಂದ ಬಂದ ಮೇಲೆ ಆ ಮುಖ ನಾನು ಕಂಡದ್ದಿಲ್ಲ. ಕಮಲೇಶನೂ ನೋಡಿದ. ಈಗ ಬಂದೆ ಅಪ್ಪಾ ಎಂದು ನೀನು ಹೇಳಿದ ಕುರ್ಚಿ ತರಲು ಹೋದ.

ಅವನು ಅತ್ತ ಹೋದ, ಇತ್ತ ಬಂದರಿನ ಬೀಫಾತಿಮ್ಮ ಬಂದಳು. ನಿನಗೆ ಅವಳ ನೆನಪಿರಬಹುದು, ದಕ್ಕೆಯಲ್ಲಿ ನನ್ನ ಪಕ್ಕವೇ ಬುಟ್ಟಿ ಇಟ್ಟು ಮೀನು ಮಾರುತ್ತಿದ್ದವಳು, ಬಾಯಲ್ಲಿ ನನಗೆ ಸರಿಸಮ. ಮೊಮ್ಮಕ್ಕಳನ್ನು ಕರಕೊಂಡು ಬಂದಿದ್ದಳು. ಅಜ್ಜನನ್ನು ಕಂಡವಳೇ ಅವಳ ಅಭ್ಯಾಸದಂತೆ ಗಟ್ಟಿಯಾಗಿ ನನ್ನನ್ನು ಕರೆದು, "ಎಂತ ಅಪ್ಪೀ, ತಾಂಡೇಲರನ್ನು ದಡದಲ್ಲಿ ಒಣಗಲಿಕ್ಕೆ ಹಾಕಿದ್ದಾ?" ಎಂದಳು. ಪ್ರೀತಿಯಿಂದಲೇ ಕೇಳಿದ್ದು. ಅಜ್ಜನಿಗೂ ನಗು ಬಂತು. ನನಗೆ ಮಾತ್ರ ಎದೆಯೊಳಗೆ ಮುಳ್ಳು ಚುಚ್ಚಿತು. ಯಾಕೆಂದು ಹೇಳುತ್ತೇನೆ. ಬೋಟು ದಕ್ಕೆಗೆ ತಾಗುವ ಮೊದಲೇ, ಬೋಟು ನಡೆಸುತ್ತಿದ್ದ ನಿನ್ನ ಅಜ್ಜ, ಕಿಟ್ಟು ತಾಂಡೇಲರು, ಹಗ್ಗ ಹಿಡಿದು ಹಾರಿ ಇಳಿಯುವುದನ್ನು ನೋಡಲು ಮೀನಿನ ಹೆಂಗಸರೆಲ್ಲ ಕತ್ತು ಉದ್ದ ಮಾಡುತ್ತಿದ್ದರು. ಬೀಫಾತಿಮ್ಮನೂ ನೋಡಿದವಳೇ. ನಾನು ನೋಡದವಳ ಹಾಗೆ ಮೀನಿಗೆ ಐಸು ಹಾಕುತ್ತಿದ್ದೆ, ಯಾಕೆಂದರೆ ಆ ಮನುಷ್ಯ ಸಂಜೆ ಬರುವುದು ನನ್ನ ಮನೆಗೆ. ಅಂಥವರ ಲುಂಗಿ ಬಿಚ್ಚಿ, ಪ್ಯಾಡು ತೆಗೆದು, ಆ ನೈಲಾನ್ ಚಡ್ಡಿ ಹಾಕಿಸಿ, ಕಡ್ಡಿಯಂತಾದ ಬಲಗಾಲು ಎಲ್ಲರಿಗೂ ಕಾಣುವ ಹಾಗೆ ಮೂಟೆಯಂತೆ ನೀರಿಗಿಳಿಸುವುದು, ಅದೂ ಅವಳ ಕಣ್ಣೆದುರು. ಸುತ್ತ ಮೊಬೈಲು ಹಿಡಿದವರೂ ಇದ್ದರು. ನನ್ನಿಂದ ಆಗಲಿಲ್ಲ ಮಗಾ.

ಅಷ್ಟರಲ್ಲಿ ಕೊಳ ಕಾಯುವ ಹೆಂಗಸು ಬಂದಳು, ಕುತ್ತಿಗೆಯಲ್ಲಿ ಸೀಟಿ, ಅಂಗಿಯಲ್ಲಿ ಎವ್ಲಿನ್ ಎಂದು ಹೆಸರು. ಬಗ್ಗಿ ಅಜ್ಜನನ್ನೇ ಕೇಳಿದಳು, "ಇಳಿಯುವಾ ಅಜ್ಜೇರೇ?" ಅವರು ಒಳ್ಳೆಯ ಕೈ ಎತ್ತುವ ಮೊದಲೇ ನಾನು, ಅವರಿಗೆ ಬೇಡ ಎಂದೆ. ಅವರೇ ಹೇಳಲಿ ಅಮ್ಮಾ ಎಂದಳು. "ಅವರಿಗೆ ಮಾತು ಬರುವುದಿಲ್ಲ. ಅವರ ಬಾಯಿ ನಾನೇ" ಎಂದೆ. ಬೀಫಾತಿಮ್ಮನಿಗೂ ಕೇಳುವ ಹಾಗೆ ಎಂದೆ. ಕಮಲೇಶ ಕುರ್ಚಿ ದೂಡಿಕೊಂಡು ಬಂದಾಗಲೂ ಅದನ್ನೇ ಹೇಳಿದೆ, ಅಪ್ಪನಿಗೆ ನೀರು ನೋಡಿ ಹೆದರಿಕೆ ಆಯಿತಂತೆ, ಬೇಡವಂತೆ. ಕಮಲೇಶ ಅವರ ಮುಖ ನೋಡಿ, ಹೌದಾ ಅಪ್ಪಾ ಎಂದು ಕೇಳಿದ.

ಈಗ ಸರಿಯಾಗಿ ಓದು. ಅಜ್ಜನಿಗೆ ಎರಡು ಮಾತು ಬರುತ್ತದೆ ಎಂದು ನಿನಗೆ ಗೊತ್ತುಂಟು, ಹೌದು ಅನ್ನಲು "ಅಂದ್", ಇಲ್ಲ ಅನ್ನಲು "ಇಜ್ಜಿ". ನೀನೇ ತಿಂಗಳುಗಟ್ಟಲೆ ಫೋನಿನಲ್ಲಿ ಕೂತು ಕಲಿಸಿದ್ದು. ಒಂದು ಇಜ್ಜಿ ಅಂದಿದ್ದರೆ ನಾನು ಸುಳ್ಳಿ ಎಂದು ಅಲ್ಲೇ ಗೊತ್ತಾಗುತ್ತಿತ್ತು. ಅವರು ನನ್ನನ್ನು ನೋಡಿದರು. ಬೀಫಾತಿಮ್ಮನನ್ನು ನೋಡಿದರು. ಮತ್ತೆ ನನ್ನನ್ನು ನೋಡಿ ಬಾಯಿ ಮುಚ್ಚಿಕೊಂಡರು. ನನ್ನ ಮರ್ಯಾದೆ ಉಳಿಸಿದರು. ಕಮಲೇಶ ಕುರ್ಚಿ ತಿರುಗಿಸಿಕೊಂಡು ಹೋದ. "ಕಿಟ್ಟು ತಾಂಡೇಲರಿಗೆ ನೀರು ಬೇಡವಾ" ಎಂದಳು ಬೀಫಾತಿಮ್ಮ, ಈ ಸಲ ಮೆಲ್ಲಗೆ. ಅವಳ ಗಂಡ ಮಂಡಿಯ ಆಪರೇಶನ್ ಆದವ, ಚಡ್ಡಿ ಹಾಕಿಕೊಂಡು ಅದೇ ಕೊಳದ ಅಂಚಿನಲ್ಲಿ ಎಮ್ಮೆಯ ಹಾಗೆ ಬಿದ್ದುಕೊಂಡಿದ್ದ. ಅವಳಿಗೆ ನಾಚಿಕೆ ಆಗಿರಲಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದೆ. ಮತ್ತೊಮ್ಮೆ ಸೈರನ್ ಕೂಗಿತು. ಅಲೆ ನಮ್ಮ ಕುರ್ಚಿಯ ಸ್ವಲ್ಪ ಕೆಳಗಿನವರೆಗೆ ಬಂತು. ಆಗ ಅಜ್ಜ ಒಳ್ಳೆಯ ಕೈಯನ್ನು ಬೊಗಸೆಯ ಹಾಗೆ ಮಾಡಿ ಕೆಳಕ್ಕೆ ಚಾಚಿ ನನ್ನ ಕಡೆ ನೋಡಿದರು. ಬೋಟು ಹತ್ತುವ ಮೊದಲು ನಮ್ಮ ಗಂಡಸರು ಕಡಲ ನೀರು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ಇಳಿಸದಿದ್ದರೂ ಬೇಡ, ಒಂದಿಷ್ಟು ನೀರು ಮುಟ್ಟಿಸು ಎಂದು ಕೇಳಿದರು ಅವರು. ಎರಡು ಹೆಜ್ಜೆ ಕುರ್ಚಿ ದೂಡಿದರೆ ಆಗುತ್ತಿತ್ತು. ಬೀಫಾತಿಮ್ಮ ಇನ್ನೂ ಅಲ್ಲೇ ಇದ್ದಳು. ಈಗ ದೂಡಿದರೆ ನಾನು ಹೇಳಿದ್ದೆಲ್ಲ ಸುಳ್ಳು ಎಂದು ತಾನೇ ಆಗುವುದು? ನಾನು ಚೀಲದಿಂದ ಬಾಟಲಿ ತೆಗೆದು, ಬಾಯಾರಿಕೆಯಾ ಎಂದು ಅವರ ಅಂಗೈಗೆ ಕುಡಿಯುವ ನೀರು ಹೊಯ್ದೆ. ಗೊತ್ತಿಲ್ಲದೆ ಮಾಡಿದೆ ಎಂದು ನನಗೆ ನಾನೇ ಹೇಳಿಕೊಂಡದ್ದುಂಟು. ಗೊತ್ತಿತ್ತು. ಅವರು ಅಂಗೈಯ ನೀರು ನೋಡಿದರು. ಕುಡಿಯಲಿಲ್ಲ, ಕಣ್ಣಿಗೂ ಒತ್ತಿಕೊಳ್ಳಲಿಲ್ಲ. ಕೈ ಓರೆ ಮಾಡಿ ಸಿಮೆಂಟಿನ ಮೇಲೆ ಬಿಟ್ಟರು.

ಬರುವಾಗ ಬಾಗಿಲು ಬಡಿಯಲಿಲ್ಲ. ಮನೆಗೆ ಬಂದ ಮೇಲೆ ನಿನ್ನ ಫೋನು ಬಂತು, ನಾನು ಅದೇ ಕಥೆ ಹೇಳಿದೆ, ನೀನು ಹುಲಿ ಇಲಿ ಎಂದು ನಕ್ಕೆ. ಆಗಲೂ ಅವರು ಇಜ್ಜಿ ಅನ್ನಲಿಲ್ಲ. ಈಚೆಗೆ ನೀನು ಕರೆದಾಗೆಲ್ಲ ಅಜ್ಜ ಮಲಗಿದ್ದಾರೆ ಎನ್ನುತ್ತೇವಲ್ಲ, ಅವರು ಮಲಗಿರುವುದಿಲ್ಲ. ಫೋನಿನ ಸದ್ದು ಕೇಳಿದರೆ ಕಣ್ಣು ಮುಚ್ಚಿಕೊಳ್ಳುತ್ತಾರೆ.

ನನ್ನ ಮೇಲೆ ಸಿಟ್ಟು ಮಾಡಿದ್ದರೆ ನನಗೆ ಸುಲಭ ಇತ್ತು. ಸಿಟ್ಟನ್ನು ಹೇಗೆ ಇಳಿಸುವುದೆಂದು ಗೊತ್ತುಂಟು, ಅವರಿಗೆ ಬೇಕಾದ ಮೀನು ತಂದು ಪುಳಿಮುಂಚಿ ಮಾಡಿದರೆ ಆಯಿತು. ಇದು ಹಾಗಿಲ್ಲ. ಗಂಜಿ ಬೇಕಾ ಎಂದರೆ ಮಾತಿಲ್ಲ. ಫ್ಯಾನು ಹಾಕಲಾ ಎಂದರೆ ಮಾತಿಲ್ಲ. ನಾನೇ ತೀರ್ಮಾನಿಸಲಿ ಎಂದು ಕಾಯುತ್ತಾರೆ. ಅವರ ಬಾಯಿ ನಾನೇ ಎಂದೆನಲ್ಲ, ಅದನ್ನು ನನಗೇ ಕೊಟ್ಟುಬಿಟ್ಟಿದ್ದಾರೆ. ಹಾಗಲಕಾಯಿ ಕಂಡರೆ ಪಕ್ಕದ ಮನೆಗೆ ಕೇಳುವ ಹಾಗೆ ಇಜ್ಜಿ ಎಂದು ಕೂಗುತ್ತಿದ್ದವರು. ಮೊನ್ನೆ ಬೇಕೆಂದೇ ಹಾಗಲಕಾಯಿ ಪಲ್ಯ ಮಾಡಿ ಬಾಯಿಗಿಟ್ಟೆ, ಒಮ್ಮೆ ಬೈಯಲಿ ಎಂದು. ಸುಮ್ಮನೆ ತಿಂದರು. ಇನ್ನೊಂದು ತುತ್ತಿಗೂ ಬಾಯಿ ತೆರೆದರು. ನಾನು ಎದ್ದು ಹಿತ್ತಲಿಗೆ ಹೋಗಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ. ಮಾತು ಬಳಸದಿದ್ದರೆ ಇದ್ದದ್ದೂ ಹೋಗುತ್ತದೆ ಎಂದು ಡಾಕ್ಟರರೂ ಹೇಳಿದ್ದಾರೆ, ನೀನೂ ಹೇಳಿದ್ದೀ. ಅಷ್ಟು ಕಷ್ಟದಲ್ಲಿ ಬಂದ ಎರಡು ಮಾತು ನನ್ನ ಬಿಗುಮಾನಕ್ಕೆ ಹೋಯಿತಲ್ಲ ಎಂದು ಅನ್ನ ಇಳಿಯುತ್ತಿಲ್ಲ.

ನೀನು ಕ್ಷಮಿಸುತ್ತೇನೆ ಎಂದು ಬರೆಯಬೇಡ. ಕ್ಷಮಿಸುವವರು ಇಲ್ಲೇ ಮಂಚದ ಮೇಲಿದ್ದಾರೆ. ಮೈಗೆ ಎಣ್ಣೆ ಹಚ್ಚಿಕೊ, ಹೊತ್ತಿಗೆ ಸರಿಯಾಗಿ ಅನ್ನ ತಿನ್ನು, ನಮ್ಮ ದೈವದೇವರು ನಿನ್ನ ಬೆನ್ನಿಗಿರಲಿ. ನೆಲ್ಲಿಯ ತಾಯಿಯೂ ನಿನ್ನನ್ನು ಕೇಳಿದ್ದಾಳೆ.

ಇಂತು ನಿನ್ನ ಅಜ್ಜಿ,
ಅಪ್ಪಿ

ಮರೆತಿದ್ದೆ: ನೆಲ್ಲಿ ಚೀಲ ಕಟ್ಟುತ್ತಿದ್ದಾಳೆ, ಬೇಗ ಬರೆಯುತ್ತೇನೆ. ಇಷ್ಟೆಲ್ಲ ಬರೆದದ್ದು ನಿನಗಲ್ಲ. ಅವರೆದುರು ಕೂತು ಹೇಳಲು ಮೂರು ಸಲ ಹೋದೆ, ಮೂರು ಸಲವೂ ದಿಂಬು ಸರಿ ಮಾಡಿ ವಾಪಸು ಬಂದೆ. ಅದಕ್ಕೆ ನೀನು ಫೋನು ಮಾಡಿ ಈ ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಅಜ್ಜನಿಗೆ ಓದಿ ಹೇಳು. ಪ್ಯಾಡಿನ ವಿಷಯ, ಬೀಫಾತಿಮ್ಮನ ವಿಷಯ, ಬಾಟಲಿ ನೀರು, ಒಂದೂ ಬಿಡಬೇಡ. ಅವರು ಕಣ್ಣು ಮುಚ್ಚಿದ್ದರೂ ಓದು. ಫೋನು ನಾನೇ ಹಿಡಿದಿರುತ್ತೇನೆ, ಅಡುಗೆಮನೆಗೆ ಓಡುವುದಿಲ್ಲ. ಓದಿ ಆದ ಮೇಲೆ, ಮತ್ತೊಮ್ಮೆ ಆ ಕೊಳಕ್ಕೆ ಹೋಗುವುದಾ ಎಂದು ಅವರನ್ನೇ ಕೇಳು, ಎಷ್ಟು ಹೊತ್ತಾದರೂ ಕಾಯಿ, ನಾನು ನಡುವೆ ಬಾಯಿ ಹಾಕುವುದಿಲ್ಲ. ಹೋಗುವುದಾದರೆ ನಾನೂ ಆ ನೈಲಾನ್ ಬಟ್ಟೆ ಹಾಕಿಕೊಂಡು ಅವರ ಜೊತೆ ಇಳಿಯುತ್ತೇನೆ, ಇಡೀ ಬಂದರು ಬಂದು ನೋಡಲಿ. ಮಳೆ ಹಿಡಿದರೆ ಅವರನ್ನು ಹೊರಗೆ ಕರಕೊಂಡು ಹೋಗಲಿಕ್ಕಾಗುವುದಿಲ್ಲ. ಜೂನ್ ಹುಟ್ಟುವ ಮೊದಲು ನಿನ್ನ ಫೋನು ಬರಬೇಕು, ತಿಳಿಯಿತಾ.