ಕೆಂಪು ದಾರದ ಎರಡು ಗಂಟು

ಚನ್ನಪಟ್ಟಣ
೧೪ ನವೆಂಬರ್ ೨೦೨೪, ಗುರುವಾರ

ಮುನ್ನೀ ಅಬ್ಬಾ ಅವರಿಗೆ, ಹಾಜಿರಾ ಮಾಡುವ ಸಲಾಂ.

ನಿಮ್ಮ ಕೆಮ್ಮು ಹೇಗಿದೆ? ಹುಬ್ಬಳ್ಳಿಯಲ್ಲಿ ಬೆಳಗಿನ ಹೊತ್ತು ಚಳಿ ಶುರುವಾಗಿದೆಯೆಂದು ರಸೂಲ್ ಹೇಳಿದ. ಮಫ್ಲರ್ ಕಟ್ಟಿಕೊಳ್ಳಿ. ಮೇಳದ ಮಳಿಗೆಯಲ್ಲಿ ಗೊಂಬೆ ಮಾರುತ್ತ ಬರೀ ಚಹಾ ಕುಡಿದುಕೊಂಡು ಇರಬೇಡಿ, ಹೊತ್ತಿಗೆ ಸರಿಯಾಗಿ ಊಟ ಮಾಡಿ. ಮುನ್ನಿಗೆ ಮೂರನೇ ಹಲ್ಲು ಬಿತ್ತು, ಅಬ್ಬಾಗೆ ತೋರಿಸಬೇಕೆಂದು ಕಾಗದದಲ್ಲಿ ಸುತ್ತಿ ಇಟ್ಟುಕೊಂಡಿದ್ದಾಳೆ. ಕ್ಷೇಮ ಸಮಾಚಾರ ಇಲ್ಲಿಗೆ ಮುಗಿಯಿತು. ಇನ್ನು ಮುಂದೆ ಬರೆಯುವುದೆಲ್ಲ ಸಿಟ್ಟು. ಫೋನಿನಲ್ಲಿ ಹೇಳೋಣವೆಂದರೆ ನಾನು ದನಿ ಏರಿಸಿದ ಕೂಡಲೇ ನಿಮ್ಮ ಮಳಿಗೆಗೆ ಗಿರಾಕಿ ಬಂದುಬಿಡುತ್ತಾರೆ. ಕಾಗದವನ್ನು ಹಾಗೆ ಕಟ್ ಮಾಡಲು ಬರುವುದಿಲ್ಲ. ಗೊಂಬೆ ಒಯ್ಯಲು ಬಂದ ರಸೂಲ್ ಕೈಯಲ್ಲೇ ಕಳಿಸುತ್ತಿದ್ದೇನೆ. ನೀವು ಪೂರ್ತಿ ಓದುವವರೆಗೆ ಎದುರಿಗೆ ನಿಂತಿರು ಎಂದೂ ಅವನಿಗೆ ಹೇಳಿದ್ದೇನೆ.

ನೀವು ಹೊರಡುವ ದಿನ ನಾನು ಹೇಳಿದ್ದು ನೆನಪಿದೆಯೇ? ಗಿರಿಜಾಂಬ ಮೇಡಂ ತಮ್ಮ ಶಿಶುವಿಹಾರದ ಮಕ್ಕಳಿಗೆ ಪ್ರತಿ ಶನಿವಾರ ಅರವತ್ತು ಬನ್ನು ಬೇಕೆಂದಿದ್ದರು. ಮೊಟ್ಟೆ ಹಾಕದ ಬನ್ನು. ಒಂದು ಶನಿವಾರ ನೋಡುವುದು, ಸರಿಹೋದರೆ ವರ್ಷವಿಡೀ ನನಗೇ. ಆರು ವರ್ಷದಿಂದ ಅಕ್ಕಪಕ್ಕದವರ ಹುಟ್ಟುಹಬ್ಬಕ್ಕೆ ಕೇಕ್ ಮಾಡಿಕೊಟ್ಟು ಶಹಭಾಸ್ ಅನ್ನಿಸಿಕೊಂಡವಳಿಗೆ ಮೊದಲ ಸಲ ಒಬ್ಬರು ಕೆಲಸವೆಂದು ಕೊಟ್ಟ ಕೆಲಸ ಅದು. ನನ್ನ ಎರಡು ಸಣ್ಣ ಟಿನ್ನಿನಲ್ಲಿ ಒಂದು ಸಲಕ್ಕೆ ಹನ್ನೆರಡು ಬನ್ನಿಗಿಂತ ಹೆಚ್ಚು ಹಿಡಿಸುವುದಿಲ್ಲ. ಓವನ್ನಿನ ಉದ್ದಗಲಕ್ಕೆ ಸರಿಯಾದ ಟ್ರೇ ಇದ್ದರೆ ಇಪ್ಪತ್ತು ಹಿಡಿಯುತ್ತದೆ, ಮೂರು ಸಲಕ್ಕೆ ಮುಗಿಯುತ್ತದೆ. ಹುಬ್ಬಳ್ಳಿಯಲ್ಲಿ ಬೇಕರಿ ಸಾಮಾನಿನ ದೊಡ್ಡ ಅಂಗಡಿ ಇದೆಯೆಂದವರು ನೀವೇ. ಅದಕ್ಕೇ ನನ್ನ ಅಬ್ಬಾ ರೇಷ್ಮೆ ತೆಗೆಯುವ ಶೆಡ್ಡಿನಿಂದ ತಂದುಕೊಟ್ಟಿದ್ದ ಕೆಂಪು ದಾರವನ್ನು ನಾಲ್ಕೆಳೆ ಹೊಸೆದು, ಓವನ್ನಿನೊಳಗೆ ಕೈಹಾಕಿ ಅಳೆದು, ಸುತ್ತ ಬಿಸಿಗಾಳಿ ಆಡಲು ಒಂದೊಂದು ಬೆರಳು ಬಿಟ್ಟು, ಅಗಲಕ್ಕೊಂದು ಉದ್ದಕ್ಕೊಂದು ಗಂಟು ಹಾಕಿ ನಿಮ್ಮ ಜೇಬಿಗೆ ನಾನೇ ತುರುಕಿದೆ. ಜೊತೆಗೆ ತರಬೇಕಾದ ಹಿಟ್ಟಿನ ಡಬ್ಬದ ವಿಷಯವನ್ನೂ ಹೇಳಿದೆ. ಕಲೆಸಿದ ಹಿಟ್ಟು ಉಬ್ಬಿ ಎರಡರಷ್ಟಾಗುತ್ತದೆ, ಅದರ ಮೇಲೂ ನಾಲ್ಕು ಬೆರಳು ಜಾಗ ಬೇಕು ಎಂದೆ. ನೀವು ಚಪ್ಪಲಿ ಮೆಟ್ಟುತ್ತ ‘ನಂಗೇ ಅಳತೆ ಹೇಳ್ಕೊಡ್ತೀಯಾ, ಬುಡು’ ಅಂದಿರಿ.

ಕಳೆದ ಶನಿವಾರ ರಸೂಲ್ ನಿಮ್ಮ ಪಾರ್ಸೆಲ್ ತಂದು ಕೊಟ್ಟಾಗ ಬೆಳಿಗ್ಗೆ ಏಳು ಗಂಟೆ. ಹನ್ನೆರಡಕ್ಕೆ ಬನ್ನು ಶಿಶುವಿಹಾರದಲ್ಲಿರಬೇಕು. ಗಡಿಬಿಡಿಯಲ್ಲಿ ದಾರ ಬಿಚ್ಚಿ ಮೂಲೆಗೆಸೆದೆ, ಡಬ್ಬ ತೊಳೆದೆ, ಎರಡು ಕಿಲೋ ಮೈದಾ ಕಲೆಸಿ ಹಾಕಿದೆ. ಹಾಕುವಾಗಲೇ ಹಿಟ್ಟು ಮುಚ್ಚಳಕ್ಕೆ ತಾಗುತ್ತಿತ್ತು. ಇದು ಚಿಕ್ಕದೆಂದು ನನಗೆ ಗೊತ್ತಾಯಿತು, ಬಿರಿಯಾನಿ ಮಾಡುವ ದೇಗ್ಚಿಗೆ ಸುರಿಯಬೇಕಿತ್ತು. ಸುರಿಯಲಿಲ್ಲ. ಅಳತೆಯ ವಿಷಯದಲ್ಲಿ ನಿಮ್ಮ ಮೇಲೆ ನನಗೆ ಅಷ್ಟು ನಂಬಿಕೆ. ಅದು ನನ್ನ ತಪ್ಪು, ಒಪ್ಪುತ್ತೇನೆ. ಮುಕ್ಕಾಲು ಗಂಟೆಗೆ ಮುಚ್ಚಳ ಹಾರಿತು, ಹಿಟ್ಟು ಕಟ್ಟೆಯಿಂದಿಳಿದು ನೆಲಕ್ಕೆ ಬಂತು. ಉಳಿದದ್ದನ್ನು ಬಳಿದುಕೊಂಡು, ಉಂಡೆ ಕಟ್ಟಿ, ನಿಮ್ಮ ಹೊಸ ಟ್ರೇಯಲ್ಲಿ ಸಾಲಾಗಿ ಇಟ್ಟು ಓವನ್ನಿಗೆ ತಳ್ಳಿದರೆ ಟ್ರೇ ಒಳಗೆ ಹೋಗಲಿಲ್ಲ. ಅಡ್ಡ ಹಿಡಿದೆ, ಉದ್ದ ಹಿಡಿದೆ, ಓರೆ ಮಾಡಿದೆ. ಎರಡು ಬೆರಳು ದೊಡ್ಡದು. ದೊಡ್ಡದಿರಬೇಕಾದ ಡಬ್ಬ ಚಿಕ್ಕದು, ಚಿಕ್ಕದಿರಬೇಕಾದ ಟ್ರೇ ದೊಡ್ಡದು. ಮತ್ತೆ ಹಳೆಯ ಟಿನ್ನುಗಳಿಗೇ ಹಾಕಿದೆ. ಎರಡು ಸಲ ಬೇಯುವಷ್ಟರಲ್ಲಿ ಕಾದು ಕೂತ ಉಂಡೆಗಳೆಲ್ಲ ಉಬ್ಬಿಳಿದು ಚಪ್ಪಟೆಯಾಗಿ, ಹುಳಿ ವಾಸನೆ ಬಂತು.

ಇಪ್ಪತ್ನಾಲ್ಕು ಬನ್ನು ತೆಗೆದುಕೊಂಡು ಹೋದೆ. ಅರವತ್ತು ಮಕ್ಕಳು ತಟ್ಟೆ ಮುಂದಿಟ್ಟುಕೊಂಡು ಕೂತಿದ್ದರು. ಮೇಡಂ ಚಾಕು ತರಿಸಿ ಒಂದೊಂದನ್ನೂ ಕತ್ತರಿಸಿ ಹಂಚಿದರು. ನನ್ನನ್ನು ಬೈಯಲಿಲ್ಲ. ‘ಆಗಲ್ಲ ಅಂತ ಮೊದ್ಲೇ ಅಂದಿದ್ರೆ ಬೇಕರಿಗೆ ಹೇಳ್ತಿದ್ನಲ್ಲ, ಹಾಜಿರಾ’ ಅಂದರು ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ಕೈಕಾಲು ಹಿಡಿದಂತೆ ಕೇಳಿಕೊಂಡ ಮೇಲೆ ‘ಈ ಶನಿವಾರ ಬ್ಯಾಡ, ಇಪ್ಪತ್ಮೂರಕ್ಕೆ ಇನ್ನೊಂದ್ಸಲ ನೋಡಣ’ ಎಂದಿದ್ದಾರೆ.

ಮನೆಗೆ ಬಂದು ಹಿಟ್ಟು ಗುಡಿಸುವಾಗ ಮೂಲೆಯಲ್ಲಿ ಆ ದಾರ ಸಿಕ್ಕಿತು. ಕೆಂಪು ದಾರ. ನಾಲ್ಕೆಳೆ ಹೊಸೆದದ್ದು. ನಾನು ಹಾಕಿದ ಎರಡು ಗಂಟು ಹಾಕಿದ ಹಾಗೇ ಇದ್ದವು. ನನ್ನ ಅಳತೆಯ ದಾರದಲ್ಲಿ ನೀವು ಪಾರ್ಸೆಲ್ ಕಟ್ಟಿದ್ದೀರಿ. ನೆಲದ ಮೇಲೆ ಕೂತು ಅತ್ತೆ, ಆಮೇಲೆ ನಿಮಗೆ ಫೋನ್ ಮಾಡಿದೆ. ನೀವು ಏನೂ ಆಗಿಯೇ ಇಲ್ಲವೆಂಬಂತೆ ‘ದಾರ ಗಟ್ಟಿ ಇತ್ತು, ಕಟ್ಟಕ್ಕೆ ಆಯ್ತು. ಅಂಗಡಿಯವ್ನು ಮನೆ ಓವನ್‌ಗೆ ಇದೇ ಸೈಜು ಅಂದ. ಡಬ್ಬಕ್ಕೆ ಎಷ್ಟು ಕಿಲೋ ಅಂದ, ಎರಡು ಅಂದೆ. ಒಸಿ ಅಡ್ಜಸ್ಟ್ ಮಾಡ್ಕೊ ಕಣೆ’ ಅಂದಿರಿ. ಅಷ್ಟರಲ್ಲಿ ಗಿರಾಕಿ ಬಂದರು.

ನಿಮ್ಮ ಕಣ್ಣು ಮಂಜಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಹೋದ ವರ್ಷ ಮಕ್ಕಳ ರೈಲಿನ ಚಕ್ರದ ತೂತು ಒಂದು ಕೂದಲಿನಷ್ಟು ಸಡಿಲವಾಯಿತೆಂದು ನೂರು ರೈಲು ಒಲೆಗೆ ಹಾಕಿದವರು ನೀವು. ಲೇತಿನ ಮುಂದೆ ಕೂತರೆ ಕೈವಾರ ಕೈಬಿಡುವುದಿಲ್ಲ. ಬೀದಿಯವರೆಲ್ಲ ಮುಬಶ್ಶಿರ್ ಭಾಯಿಯ ಅಳತೆ ಎಂದರೆ ಮರುಮಾತಾಡುವುದಿಲ್ಲ. ಹೆಂಡತಿಯ ಬನ್ನಿಗೆ ಮಾತ್ರ ಅಂಗಡಿಯವನ ಮಾತು ಸಾಕಾಯಿತೇ? ಗೊಂಬೆ ನಿಮಗೆ ಕೆಲಸ, ಬನ್ನು ನನಗೆ ಹೊತ್ತು ಕಳೆಯುವ ಆಟ ಎಂದುಕೊಂಡಿದ್ದೀರಿ. ನನಗೆ ಅವಮಾನವಾಗಿದೆ, ಮುನ್ನೀ ಅಬ್ಬಾ. ಮೇಡಂ ಎದುರಿಗೆ ಆದದ್ದು ಚಿಕ್ಕದು. ಆ ದಾರ ಕೈಯಲ್ಲಿ ಹಿಡಿದಾಗ ಆದದ್ದು ದೊಡ್ಡದು.

ಇಷ್ಟು ಬರೆದರೂ ಸಿಟ್ಟು ಇಳಿದಿಲ್ಲ. ಕೆಮ್ಮಿಗೆ ಜೇನು, ಶುಂಠಿ ಕಳಿಸಿದ್ದೇನೆ, ತಪ್ಪದೆ ತೆಗೆದುಕೊಳ್ಳಿ. ಅಲ್ಲಾಹ್ ನಿಮ್ಮನ್ನು ಚೆನ್ನಾಗಿಟ್ಟಿರಲಿ, ಗೊಂಬೆಗಳೆಲ್ಲ ಮಾರಿಹೋಗಲಿ. ಮುನ್ನಿಯ ಸಲಾಂ.

ಹಾಜಿರಾ

ಇನ್ನೊಂದು ಮಾತು. ರಸೂಲ್ ಹೊರಡಲು ಅವಸರ ಮಾಡುತ್ತಿದ್ದಾನೆ. ಇದ್ರೀಸ್ ಭಾಯಿಯ ಹಳೇ ಸಾಮಾನಿನ ಅಂಗಡಿಯಲ್ಲಿ ಯಾವುದೋ ಮುಚ್ಚಿದ ಬೇಕರಿಯ ಓವನ್ ಇದೆ. ನಿಮ್ಮ ಟ್ರೇ ಹೊತ್ತುಕೊಂಡು ಹೋಗಿ ಒಳಗಿಟ್ಟು ನೋಡಿದೆ, ಸುತ್ತ ಸರಿಯಾಗಿ ಒಂದೊಂದು ಬೆರಳು ಬಿಡುತ್ತದೆ. ಒಳಗೆ ಮೂರು ಅಂತಸ್ತು ಇದೆ, ಇಂಥದೇ ಇನ್ನೆರಡು ಟ್ರೇ ಸೇರಿದರೆ ಒಂದೇ ಸಲಕ್ಕೆ ಅರವತ್ತು. ಭಾನುವಾರ ತರಿಸುತ್ತಿದ್ದೇನೆ. ಅಡುಗೆಮನೆಯಲ್ಲಿ ಹಿಡಿಸುವುದಿಲ್ಲ, ಬೀದಿ ಕಡೆಯ ಕೋಣೆಯಲ್ಲಿ ಇಡುತ್ತೇನೆ. ಹೌದು, ನಿಮ್ಮ ಗೊಂಬೆ ಕಪಾಟುಗಳ ಕೋಣೆ. ಈ ಕಾಗದದ ಜೊತೆ ಅದೇ ಕೆಂಪು ದಾರವನ್ನು ಉದ್ದ ಮಾಡಿ, ಹೊಸದಾಗಿ ಎರಡು ಗಂಟು ಹಾಕಿ ಇಟ್ಟಿದ್ದೇನೆ. ಗೋಡೆಯ ತುದಿಯಿಂದ ಮೊದಲ ಗಂಟಿನವರೆಗೆ ನನ್ನ ಓವನ್. ಅಲ್ಲಿಂದ ಎರಡನೆಯ ಗಂಟಿನವರೆಗೆ ನಿಮ್ಮ ಕಪಾಟು. ಹಿಡಿಸದಿದ್ದರೆ ಒಸಿ ಅಡ್ಜಸ್ಟ್ ಮಾಡ್ಕೊಳಿ. ದಾರ ಮಾತ್ರ ಬರುವಾಗ ಜೇಬಿನಲ್ಲೇ ವಾಪಸ್ ತನ್ನಿ, ಅದರಲ್ಲಿ ಏನನ್ನೂ ಕಟ್ಟಬೇಡಿ.