ಹಿಂಬದಿಯ ಚಿನ್ನದ ಹಾಳೆ

ಲೋಹಿತ್,

ಇದನ್ನು ನಿನಗೆ ಕಳಿಸುವುದಿಲ್ಲ. ಹಾಗಾಗಿ ಕುಶಲ ಕೇಳುವ ಉಪಚಾರವೂ ಬೇಡ.

ಇವತ್ತು ಮೂಡುಬಿದಿರೆಯ ನಮ್ಮ ಲ್ಯಾಬಿನಲ್ಲಿ ನನ್ನ ವಿದ್ಯಾರ್ಥಿನಿ ತೃಷಾ ಕುಣಿದಾಡಿದಳು. ಟೆರಾಹರ್ಟ್ಸ್ ಅಲೆಗಳನ್ನು ಹೀರಿಕೊಳ್ಳುವ, ಇಂಗಾಲದ ತೆಳು ಗ್ರಾಫೀನ್ ಪದರವೊಂದನ್ನು ಅವಳು ಕಂಪ್ಯೂಟರಿನಲ್ಲಿ ವಿನ್ಯಾಸ ಮಾಡುತ್ತಿದ್ದಾಳೆ. "ಮೇಡಂ, ಇಡೀ ಫ್ರೀಕ್ವೆನ್ಸಿ ಬ್ಯಾಂಡಿನಲ್ಲಿ ಅಲೆ ಒಂದು ಚೂರೂ ವಾಪಸ್ ಬರುವುದಿಲ್ಲ. ಪೂರಾ ಹೀರಿಕೊಂಡಿದೆ!"

ನೋಡಿದರೆ, ಪದರದ ಹಿಂದೆ ಅಲೆಗಳನ್ನು ತಡೆಯುವ ಚಿನ್ನದ ಹಾಳೆ ಇಡುವುದನ್ನೇ ಮರೆತಿದ್ದಳು. "ಹೀರಿಕೊಂಡದ್ದಲ್ಲ ಮಾರಾಯ್ತಿ, ಆಚೆ ದಾಟಿ ಹೋದದ್ದು. ತಡೆಯಲಿಕ್ಕೆ ಹಿಂದೆ ಎಂತ ಉಂಟು?" ಎಂದೆ.

ಹೇಳಿದ ಮೇಲೆ ನಾವಿಬ್ಬರು ಭೇಟಿಯಾಗುತ್ತಿದ್ದ ಉಜಿರೆಯ ಬಸ್‌ಸ್ಟ್ಯಾಂಡ್ ನೆನಪಾಯಿತು. ನಮ್ಮ ಮದುವೆಯ ಬಗ್ಗೆ, ನಿನ್ನ ಮನೆಯವರ ಬಗ್ಗೆ, ಜಾತಿಯ ಬಗ್ಗೆ ನಾನು ಏನು ಹೇಳಿದರೂ ನೀನು ಎದುರು ಮಾತಾಡಿದವನಲ್ಲ. "ಆಯ್ತು, ಮನೆಯಲ್ಲಿ ಮಾತಾಡ್ತೇನೆ" ಎನ್ನುತ್ತಿದ್ದೆ ನೀನು. ಎಲ್ಲವನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತೀಯ ಎಂದೇ ನಾನು ವರ್ಷಗಟ್ಟಲೆ ನಂಬಿದ್ದೆ, ವಾಟ್ಸಾಪ್ ಗ್ರೂಪಿನಲ್ಲಿ ನಿನ್ನ ನಿಶ್ಚಿತಾರ್ಥದ ಫೋಟೋ ಬರುವ ತನಕ.

ಸಂಜೆ ತೃಷಾ ಹಾಳೆ ಇಟ್ಟು ಮತ್ತೆ ಲೆಕ್ಕ ಹಾಕಿಸಿದಳು. ಅರ್ಧಕ್ಕರ್ಧ ವಾಪಸ್ ಬಂತು. ಪಾಪ, ಅತ್ತೇಬಿಟ್ಟಳು. ನಾನು ಸಮಾಧಾನ ಮಾಡಬೇಕಿತ್ತು, ಮಾಡಲಿಲ್ಲ. ನನಗೆ ಬಂದದ್ದು ಹೊಟ್ಟೆಕಿಚ್ಚು.

ಅವಳಿಗೆ ಸಂಜೆಯೊಳಗೇ ಗೊತ್ತಾಯಿತಲ್ಲ.