ಮರಿ ಬಿಡುವ ಹೊತ್ತು

ನವೆಂಬರ್ ೧೨, ಬುಧವಾರ. ಕಬ್ಬೂರ

ಸಕ್ಕರೆಯಿಲ್ಲದ ಚಹಾ ಇನ್ನೂ ನಾಲಿಗೆಗೆ ಒಗ್ಗಿಲ್ಲ. ಅವ್ವನ ಮರೆವಿನ ಕಾಯಿಲೆ ರಕ್ತದಲ್ಲಿ ನನಗೂ ಇಳಿದಿರಬಹುದಂತೆ. ಸಕ್ಕರೆ ಬಿಡಿ, ನಡೆಯಿರಿ, ಚೆನ್ನಾಗಿ ನಿದ್ದೆ ಮಾಡಿ, ಹೊಸದೇನಾದರೂ ಕಲಿಯಿರಿ ಎಂದಿದ್ದಾರೆ ಡಾಕ್ಟರು. ಅದಕ್ಕೇ ಹೊಲಿಗೆ ಮಶಿನ್ ಮುಚ್ಚಿಟ್ಟು ದಿನವೂ ನಮ್ಮ ಕುರಿಗಳ ಹಿಂದೆ ನಡೆಯುತ್ತೇನೆ.

ಇವತ್ತು ಕುರಿದಡ್ಡಿಯ ಧೂಳಿನಲ್ಲಿ ಸಂಜೆಬಿಸಿಲು ತೇಲುತ್ತಿತ್ತು. ನಾನು ಎಚ್ಚರವಿದ್ದೇನೋ ಕನಸಿನಲ್ಲಿದ್ದೇನೋ ತಿಳಿಯದಂಥ ಹೊತ್ತು. ಅವ್ವ ಮರಿಗಳನ್ನು ಒಂದೊಂದಾಗಿ ಎತ್ತಿ ಅದರದರ ತಾಯಿಯ ಕೆಚ್ಚಲಿಗೆ ಬಿಡುತ್ತಿದ್ದಳು. ಒಂದೂ ತಪ್ಪಲಿಲ್ಲ. ನಾನು ಬಿಟ್ಟ ಮರಿಯನ್ನು ಮಾತ್ರ ಕುರಿ ಒದ್ದು ದೂಡಿತು.

"ಇದರ ತಾಯಿ ಅದಲ್ಲ ತಂಗಿ, ಆ ಕರೇ ಕಿವೀದು," ಎಂದು ಅವ್ವ ನಕ್ಕಳು. ಆಮೇಲೆ ನನ್ನ ಮುಖವನ್ನೇ ನೋಡುತ್ತಾ ಕೇಳಿದಳು, "ನಿಮ್ಮವ್ವ ನಿನಗ ಇದನ್ನ ಕಲಿಸಿಲ್ಲೇನ?"

"ಈಗ ಕಲಿಸಾಕತ್ತಾಳ ಬೇ," ಎಂದೆ.

ಅವಳು ತಲೆಯಾಡಿಸಿ ಇನ್ನೊಂದು ಮರಿಯನ್ನು ನನ್ನ ಕೈಗಿಟ್ಟಳು.